ಸೊನ್ನೆ ನಂಬರಿನ ರೊಟ್ಟಿ

ಸುಭಾಸನ ಮಾನ ಬೀದಿಗೆ ಬರುವುದಕ್ಕೆ ಕಾರಣ ಒಂದು ನೀಲಿ ಬ್ಯಾರಲ್ಲು. ಲಕ್ಷ್ಮೇಶ್ವರದ ಅವನ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂದ ದಿನ ಓಣಿಯ ಮಂದಿಗೆ ಬೇರೆ ಕೆಲಸವೇ ಇರುವುದಿಲ್ಲ, ಪೈಪು ಹಿಡಿದು ನಿಲ್ಲುವುದೊಂದೇ. ಆ ಶನಿವಾರ ಬೆಳಿಗ್ಗೆ ಆರೂವರೆಗೆ ಸುಭಾಸನೂ ನಿಂತಿದ್ದ, ಎಡಗೈಯಲ್ಲಿ ಪೈಪು, ಬಲಗೈಯಲ್ಲಿ ಮೊಬೈಲು. ಮೊಬೈಲಿನೊಳಗೆ ದಿಲ್ಲಿ ಕಡೆಯ ಒಬ್ಬ ಮಾಸ್ತರ ಹಿಂದಿಯಲ್ಲಿ ಪಾಠ ಹೇಳುತ್ತಿದ್ದ. ನೀರಿನ ಸಪ್ಪಳದಲ್ಲೂ ಕೇಳಲೆಂದು ಸುಭಾಸ ದನಿಯನ್ನು ಪೂರಾ ಏರಿಸಿದ್ದ.

ಈ ಮಾಸ್ತರನೇ ಸುಭಾಸನ ಗುಟ್ಟು. ಊರವರ ಬಾಯಲ್ಲಿ ಸುಭಾಸ ‘ಕಂಪ್ಯೂಟರ್ ಸರ್’. ಬಜಾರದ ಮಾಳಿಗೆಯ ಮೇಲಿನ ಕೌಶಲ ಕೇಂದ್ರದಲ್ಲಿ ದೊಡ್ಡವರಿಗೆ ಪೈಥಾನ್ ಕಲಿಸುತ್ತಾನೆ. ಪೈಥಾನ್ ಎಂದರೆ ಹಾವಲ್ಲ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆ. ಡಿಗ್ರಿಯಲ್ಲಿ ಆ ಪೇಪರಿನಲ್ಲಿ ಮೂರು ಸಲ ಡುಮ್ಕಿ ಹೊಡೆದು, ನಾಲ್ಕನೇ ಸಲ ಯಾರ ಪುಣ್ಯದಿಂದಲೋ ಪಾಸಾದ ಪ್ರಾಣಿ ನಮ್ಮ ಸುಭಾಸ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಮೊಬೈಲಿನಲ್ಲಿ ಕಲಿತದ್ದನ್ನು ಹನ್ನೊಂದಕ್ಕೆ ಬೋರ್ಡಿನ ಮೇಲೆ ಕಲಿಸುತ್ತಿದ್ದ. ನಡುವೆ ಸ್ನಾನ, ನಾಷ್ಟಾ.

ನಡೆದುಕೊಂಡೇನೋ ಹೋಗುತ್ತಿತ್ತು. ಆದರೆ ವಿದ್ಯಾರ್ಥಿಗಳು ಒಳ್ಳೆಯವರು, ಅದೇ ಅವನಿಗೆ ಸಂಕಟ. ಮಾರ್ಕೆಟ್ಟಿನಲ್ಲಿ ಕಾಳು ಅಳೆಯುತ್ತಲೇ ಮುದುಕನಾದ ಮೈಲಾರಪ್ಪ, ಸರ್ ಕುಳಿತುಕೊಳ್ಳುವ ತನಕ ತಾನು ಕುಳಿತುಕೊಳ್ಳುತ್ತಿರಲಿಲ್ಲ. ಖಾನಾವಳಿಯ ಅಮೃತವ್ವ ದಿನವೂ ಒಂದು ಡಬ್ಬಿ ರೊಟ್ಟಿ, ಶೇಂಗಾ ಚಟ್ನಿ ತಂದು ಮೇಜಿನ ಮೇಲಿಟ್ಟು, “ವಿದ್ಯಾ ಕೊಡೋರು ಹಸಿದಿರಬಾರದ್ರಿ ಸರ” ಎನ್ನುತ್ತಿದ್ದಳು. ಪಂಪಿನ ಮೋಟರಿಗೆ ತಂತಿ ಸುತ್ತುವ ಇಸ್ಮಾಯಿಲಸಾಬ ದಾರಿಯಲ್ಲಿ ಕಂಡರೆ ಸೈಕಲ್ಲಿನಿಂದ ಇಳಿದೇ ನಮಸ್ಕಾರ ಮಾಡುತ್ತಿದ್ದ. ಅವರು ನಮಸ್ಕಾರ ಮಾಡಿದಾಗಲೆಲ್ಲ ಸುಭಾಸನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ರೊಟ್ಟಿ ಮಾತ್ರ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಆವತ್ತು ಗದಗಿನ ಜಿಲ್ಲಾ ಕಚೇರಿಯಿಂದ ಹೊಂಬಳ ಸಾಹೇಬರು ಪಾಠ ನೋಡಲು ಬರುವವರಿದ್ದರು. ಅವರು ಗೋಣು ಹಾಕಿದರೆ ಕೆಲಸ ಉಳಿಯಿತು, ಅಲ್ಲಾಡಿಸಿದರೆ ಹೋಯಿತು. ಕೆಲಸದ ಜೊತೆಗೆ ‘ಕಂಪ್ಯೂಟರ್ ಸರ್’ ಎಂಬ ಹೆಸರೂ ಹೋಗುತ್ತದಲ್ಲ, ಸುಭಾಸನಿಗೆ ಅದರ ಹೆದರಿಕೆ.

ಮೊಬೈಲಿನ ಮಾಸ್ತರ ರೊಟ್ಟಿಯ ಉದಾಹರಣೆ ಕೊಟ್ಟು ಮುಗಿಸಿ, ಬೆರಳೆತ್ತಿ ಕೇಳಿದ: ಕಂಪ್ಯೂಟರು ಒಂದರಿಂದ ಎಣಿಸುವುದಿಲ್ಲ, ಸೊನ್ನೆಯಿಂದ ಎಣಿಸುತ್ತದೆ, ಏಕೆ? “ಕ್ಯೋಂಕಿ...”

ಏಕೆಂದರೆ ಎನ್ನುವಷ್ಟರಲ್ಲಿ ಪೈಪು ಜಾರಿತು. ಅದನ್ನು ಹಿಡಿಯಲು ಹೋದ ಕೈಯಿಂದ ಮೊಬೈಲು ಜಾರಿ, ಮಾಸ್ತರನ ಸಮೇತ ಬ್ಯಾರಲ್ಲಿನ ತಳ ಸೇರಿತು.

“ಯವ್ವಾ!” ಎಂದು ಸುಭಾಸ ಚೀರಿದ ಚೀರಿಗೆ ಪಕ್ಕದ ಮನೆಯ ಗುಲಾಬಬಿ ಕೊಡ ಬಿಟ್ಟು ಓಡಿ ಬಂದಳು.

“ಅದಕ್ಯಾಕ ಅಷ್ಟು ಬಾಯಿ ಮಾಡ್ತೀಯೋ? ಜ್ವಾಳದಾಗ ಮುಚ್ಚಿಡು. ನಮ್ಮ ಹುಡುಗ ಯೂಸುಫಂದು ಗಟಾರದಾಗ ಬಿದ್ದಿತ್ತು. ಜ್ವಾಳ ನೀರೆಲ್ಲಾ ಕುಡದು ಹೊಸಾದು ಮಾಡಿ ಕೊಡ್ತು.”

“ಮಧ್ಯಾಹ್ನದ ಮಟಾ ಮುಟ್ಟಬ್ಯಾಡ ನೋಡು ಮತ್ತ” ಎಂದು ತಾಯಿ ಮಂಜವ್ವ ತಾನೇ ಮೊಬೈಲನ್ನು ಒರೆಸಿ, ಬಾಗಿಲ ಹತ್ತಿರ ಇದ್ದ ಜೋಳದ ಚೀಲದಲ್ಲಿ ಮೊಳಕೈ ಮಟ್ಟ ಇಳಿಸಿದಳು.

ಮಧ್ಯಾಹ್ನದ ತನಕ ಕಾಯಲು ಸುಭಾಸನಿಗೆ ಎಲ್ಲಿಯ ವೇಳೆ? ಒಂಬತ್ತೂವರೆಗೆ ಕ್ರಾಪು ಬಾಚಿಕೊಂಡು ಬಂದು ನೋಡಿದರೆ ಬಾಗಿಲ ಹತ್ತಿರ ಚೀಲವೇ ಇಲ್ಲ.

“ಯವ್ವಾ, ಚೀಲ ಎಲ್ಲಿ?”

“ಗುಲಾಬಬಿ ಗಿರಣಿಗೆ ಹೊಂಟಿದ್ಲಪಾ. ಪಾಪ, ನಮ್ದೂ ಒಯ್ತೀನಂದ್ಲು, ಕೊಟ್ಟು ಕಳಿಸಿದೆ.”

“ಅದರಾಗ ನನ್ನ ಮೊಬೈಲ್ ಇತ್ತಲ್ಲಬೇ!”

ಮಂಜವ್ವ ಗಲ್ಲದ ಮೇಲೆ ಕೈಯಿಟ್ಟಳು. “ಅಯ್ಯ ಶಿವನೇ, ನಾ ಮರ್ತೇ ಬಿಟ್ಟೆ ನೋಡು.”

ಸುಭಾಸ ಗಿರಣಿಗೆ ಓಡಿದ. ಅಲ್ಲಿ ಗುಲಾಬಬಿ ಚೀಲಗಳನ್ನು ಪಾಳಿಗೆ ಹಚ್ಚಿ ಸಂತೆಗೆ ಹೋಗಿದ್ದಳು. ಗಿರಣಿಯ ಖಾಜಾಸಾಬ ಹುಬ್ಬಿನ ತನಕ ಹಿಟ್ಟಾಗಿ ನಿಂತಿದ್ದ.

“ಯಾವ ಚೀಲಾರಿ ಸರ? ಇಲ್ಲಿ ನಲವತ್ತು ಚೀಲ ಅದಾವು. ಎಲ್ಲಾ ಒಂದ ನಮೂನಿ.”

ಸುಭಾಸ ಕಂಡ ಕಂಡ ಚೀಲಕ್ಕೆ ಕೈ ಹಾಕತೊಡಗಿದ. ಪಾಳಿಯಲ್ಲಿದ್ದ ಹೆಂಗಸರು ಸುಮ್ಮನಿರುತ್ತಾರೆಯೇ?

“ಏನ್ರೀ ಸರ, ನಮ್ಮ ಜ್ವಾಳದಾಗ ಏನ್ ಕಳಕೊಂಡೀರಿ?”

“ಮೊಬೈಲ್ರಿ ಯಕ್ಕಾ.”

“ಮೊಬೈಲ್ ಬೀಸಾಕ ತಂದಿದ್ರೇನು? ಸಣ್ಣಗ ಬೀಸಬೇಕೋ, ದಪ್ಪಗೋ?”

ಗಿರಣಿಯ ಸಪ್ಪಳವನ್ನೂ ಮೀರಿ ನಗೆ ಎದ್ದಿತು. ಹನ್ನೊಂದನೇ ಚೀಲ ಮುಗಿಯುವಷ್ಟರಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಸುಭಾಸ ಬರಿಗೈಯಲ್ಲಿ ಕೇಂದ್ರಕ್ಕೆ ಓಡಿದ.

ಮೆಟ್ಟಿಲಲ್ಲಿ ಆಫೀಸಿನ ಶಿವರಂಜನಿ ಎದುರಾದಳು. “ಸರ, ಸಾಹೇಬ್ರು ಬಂದು ಕುಂತಾರ. ನಿಮ್ಮ ತಲಿ ಯಾಕ್ರಿ ಒಮ್ಮಿಗೆ ಬೆಳ್ಳಗಾತು?”

“ಅದಿರ್ಲೆವಾ, ಒಂದ ನಿಮಿಷ ನಿನ್ನ ಮೊಬೈಲ್ ಕೊಡ್ತೀಯೇನು?”

“ಸಾಹೇಬ್ರ ಫೋಟೋ ತೆಗೀಬೇಕ್ರಿ ಅದ್ರಾಗ. ಏನ್ ನೋಡೂದಿತ್ರಿ?”

ಏನೆಂದು ಹೇಳುವುದು? ನಾನು ಈಗ ಕಲಿಸಬೇಕಾದ ಪಾಠ ನನಗೇ ಗೊತ್ತಿಲ್ಲ ಎಂದೇ? “ಏನಿಲ್ಲ ಬಿಡು” ಎಂದು ಸುಭಾಸ ಒಳಗೆ ಹೋದ. ಕೇಂದ್ರದ ಕಂಪ್ಯೂಟರುಗಳಿಗೆ ಇಂಟರ್ನೆಟ್ಟೂ ಇರಲಿಲ್ಲ. ಗಟಾರ ತೋಡುವವರು ಮೂರು ದಿನದ ಹಿಂದೆಯೇ ಕೇಬಲ್ ಕಡಿದಿದ್ದರು.

ಹೊಂಬಳ ಸಾಹೇಬರು ಹಿಂದಿನ ಸಾಲಿನಲ್ಲಿ ಕನ್ನಡಕ ಒರೆಸುತ್ತ ಕುಳಿತಿದ್ದರು. ಸುಭಾಸ ದೇವರ ಮೇಲೆ ಭಾರ ಹಾಕಿ ಶುರು ಮಾಡಿದ.

“ಇವತ್ತು ಲೂಪ್. ಅಂದ್ರ ಒಂದ ಕೆಲಸ ಮ್ಯಾಲಿಂದ ಮ್ಯಾಲೆ ಮಾಡ್ಸೂದು. ಈಗ ನೋಡ್ರಿ, ಅವ್ವ ಹತ್ತು ರೊಟ್ಟಿ ಮಾಡ್ತಾಳ. ಪ್ರತಿ ರೊಟ್ಟಿಗೂ ಹಿಟ್ಟು ನಾದು, ಬಡಿ, ಸುಡು ಅಂತ ಬರಕೋತ ಹೋದ್ರ ಯಾವಾಗ ಉಣ್ಣೂದು? ಒಮ್ಮೆ ಬರದು, ಹತ್ತು ಸಲ ಮಾಡು ಅಂದ್ರ ಆತು.”

“ವಾಹ್!” ಎಂದರು ಸಾಹೇಬರು. “ಭಾಳ ಚಲೋ ಉದಾಹರಣಿ. ನೀವ ವಿಚಾರ ಮಾಡಿದ್ದೇನ್ರಿ?”

ಸುಭಾಸನ ನಾಲಿಗೆ ಹಾಳಾಗ. “ಹೌದ್ರಿ ಸರ್, ನಂದ ಸ್ವಂತದ್ದು” ಎಂದುಬಿಟ್ಟ.

ಪ್ರೋಗ್ರಾಂ ಓಡಿಸಿದ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಸಾಲಾಗಿ ಮೂಡಿತು: ರೊಟ್ಟಿ 0, ರೊಟ್ಟಿ 1, ರೊಟ್ಟಿ 2... ಕಡೆಗೆ ರೊಟ್ಟಿ 9.

ಅಮೃತವ್ವ ಕೈ ಎತ್ತಿದಳು. “ಸರ, ಸೊನ್ನಿ ರೊಟ್ಟಿ ಅಂದ್ರ ಯಾವ್ದುರಿ? ಉಣ್ಣಾಕ ಕುಂತಾಂವಗ ನಾ ಸೊನ್ನಿ ರೊಟ್ಟಿ ನೀಡಿದ್ರ ತಾಟ ಒಗದು ಹೊಕ್ಕಾನ.”

“ನನ್ನ ಮೋಟರಿಗೂ ಸೊನ್ನಿ ಸುತ್ತು ಅಂತಿಲ್ರಿ” ಎಂದ ಇಸ್ಮಾಯಿಲಸಾಬ.

“ಪ್ರಶ್ನಿ ಅಂದ್ರ ಪ್ರಶ್ನಿ!” ಎಂದು ಸಾಹೇಬರು ಮುಂದಕ್ಕೆ ಬಾಗಿದರು. “ಹೇಳ್ರಿ ಸುಭಾಸ, ಸೊನ್ನಿಯಿಂದ ಯಾಕ?”

ಏಕೆಂದರೆ. ಅದೇ ಬ್ಯಾರಲ್ಲಿಗೆ ಬಿದ್ದು ಈಗ ಗಿರಣಿಯಲ್ಲಿತ್ತು. ಸುಭಾಸ ಬೋರ್ಡು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ತಲೆಯ ಹಿಟ್ಟು ಬೆವರಿನಲ್ಲಿ ಕಲೆತು ಕಿವಿಯ ಹಿಂದೆ ಇಳಿಯತೊಡಗಿತು. ಅವನಿಗೆ ಅಳುವೇ ಬಂದಿತ್ತು.

ಆಗ ನಿಂತೇ ಇದ್ದ ಮೈಲಾರಪ್ಪ ಒಂದು ಹೆಜ್ಜೆ ಮುಂದೆ ಬಂದ. “ಸರ, ಅಪ್ಪಣಿ ಆದ್ರ ನಾ ಹೇಳ್ಲೇನ್ರಿ?”

ಸುಭಾಸ ಗೋಣು ಹಾಕಿದ.

“ರಾಶಿ ಅಳಿಯೂ ಮುಂದ ನಾವು ಮೊದಲನೇ ಸೇರಿಗೆ ಒಂದು ಅನ್ನಂಗಿಲ್ರಿ, ‘ಲಾಭ’ ಅಂತೀವಿ. ಲಾಭ, ಎರಡು, ಮೂರು, ಹಿಂಗ. ಯಾಕಪಾ ಅಂದ್ರ, ಮೊದಲನೇ ಸೇರು ಕೈಯಾಗ ಇದ್ದಾಗ ಚೀಲದಾಗ ಏನೈತಿ? ಏನೂ ಇಲ್ಲ, ಸೊನ್ನಿ. ರೈತನ ರಾಶಿ ಮುಂದ ಕುಂತು ಸೊನ್ನಿ ಅಂದ್ರ ಅಪಶಕುನ, ಅದಕ ಲಾಭ ಅಂತೀವಿ. ಕಂಪ್ಯೂಟರಿಗೆ ಶಕುನ ಅಪಶಕುನ ಎಲ್ಲೈತ್ರಿ? ಅದು ಹಿಂದ ಎಷ್ಟು ಬಿದ್ದಾವ ನೋಡ್ತೈತಿ, ಏನೂ ಬಿದ್ದಿಲ್ಲ ಅಂದ್ರ ಸೊನ್ನಿ ಅಂತ ಇದ್ದದ್ದು ಇದ್ದಂಗ ಒದರತೈತಿ.”

ಕೋಣೆ ಚಪ್ಪಾಳೆಯಿಂದ ತುಂಬಿತು. ಸಾಹೇಬರು ಎದ್ದೇ ನಿಂತರು. “ಸುಭಾಸ, ಶಿಷ್ಯಾರನ್ನ ಹಿಂಗ ತಯಾರ ಮಾಡೀರಲ್ಲ, ಗುರು ಅಂದ್ರ ನೀವು!” ಸುಭಾಸ ಹೊಗಳಿಕೆಯನ್ನು ನುಂಗಿಕೊಂಡು ನಿಂತ.

ಅಷ್ಟರಲ್ಲಿ ಬಾಗಿಲಲ್ಲಿ ಗುಲಾಬಬಿ.

“ಸಿಕ್ತೋ ಸುಭಾಸ! ಖಾಜಾಸಾಬ ಬೀಸೂಕಲ್ಲಿಗೆ ಸುರಿಯೂ ಹೊತ್ನ್ಯಾಗ ಗಪ್ಪಂತ ಹಿಡದಾನ. ನೋಡಿಲ್ಲೆ, ಜೀವಂತ ಐತಿ!” ಎನ್ನುತ್ತ ಮೊಬೈಲಿನ ಹಿಟ್ಟನ್ನು ಸೆರಗಿನಿಂದ ತಿಕ್ಕಿದಳು. ಸುಭಾಸನಿಗೆ ಲಾಕ್ ಹಾಕುವ ರೂಢಿ ಇರಲಿಲ್ಲ. ಅವಳ ಹೆಬ್ಬೆರಳು ಎಲ್ಲಿ ತಾಗಿತೋ, ದಿಲ್ಲಿ ಮಾಸ್ತರ ನಿದ್ದೆಯಿಂದೆದ್ದು ಪೂರಾ ದನಿಯಲ್ಲಿ ಮೊದಲಿಂದ ಶುರು ಮಾಡಿದ.

“ಮಾನ್ ಲೋ ದೋಸ್ತೋ, ಅಮ್ಮಾ ದಸ್ ರೋಟಿ ಬನಾ ರಹೀ ಹೈ...”

ಲಕ್ಷ್ಮೇಶ್ವರದಲ್ಲಿ ಅಷ್ಟು ಹಿಂದಿ ಯಾರಿಗೆ ತಿಳಿಯುವುದಿಲ್ಲ? ಹಿಟ್ಟು ನಾದುವುದು, ಬಡಿಯುವುದು, ಸುಡುವುದು, ಯಾವಾಗ ಉಣ್ಣುವುದು ಎಂಬ ಚೇಷ್ಟೆಯ ಸಮೇತ ಎಲ್ಲವೂ ಒಂದೂ ಬಿಡದೆ ಬಂತು.

“ಅರೆ, ಇದು ನಮ್ಮ ಸರ್ ಹೇಳಿದ್ದ ಅಲ್ಲ?” ಎಂದ ಇಸ್ಮಾಯಿಲಸಾಬ.

ಸುಭಾಸ ಮೊಬೈಲು ಕಸಿದು ಬಂದ್ ಮಾಡಿದ. ಎದುರಿಗೆ ಅಮೃತವ್ವನ ರೊಟ್ಟಿ ಡಬ್ಬಿ ಇತ್ತು. ಅದನ್ನು ನೋಡಿದ ಮೇಲೆ ಅವನಿಂದ ಇನ್ನೊಂದು ಸುಳ್ಳು ಆಗಲಿಲ್ಲ.

“ನನಗ ಏನೂ ಬರಂಗಿಲ್ರಿ” ಎಂದ. “ದಿನಾ ಮುಂಜಾನಿ ಇದನ್ನ ನೋಡಿ ಬಂದು ನಿಮ್ಮ ಮುಂದ ಊದತೀನಿ. ಸೊನ್ನಿಯಿಂದ ಯಾಕ ಅಂತ ನನಗ ಗೊತ್ತಿಲ್ಲ. ನಿಮ್ಮ ರೊಟ್ಟಿ ಉಂಡು ನಿಮಗ ಮೋಸ ಮಾಡೀನಿ. ತಪ್ಪಾತ್ರಿ.”

ಅಮೃತವ್ವ ಮುಖ ತಿರುಗಿಸಿದಳು. ಸರ್ ನಿಂತಿರುವಾಗ ಎಂದೂ ಕುಳಿತವನಲ್ಲದ ಮೈಲಾರಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕುಳಿತ. ಬೈದಿದ್ದರೂ ಸುಭಾಸನಿಗೆ ಅಷ್ಟು ನಾಟುತ್ತಿರಲಿಲ್ಲ.

“ಸುಭಾಸ, ಹೊರಗ ಬರ್ರಿ” ಎಂದರು ಸಾಹೇಬರು.

ಪಕ್ಕದಲ್ಲಿ ಕೆಟ್ಟ ಕೀಬೋರ್ಡುಗಳನ್ನು ತುಂಬಿದ ಸಣ್ಣ ಕೋಣೆ. ಸಾಹೇಬರು ಒಳಗೆ ಬಂದು ಬಾಗಿಲು ಹಾಕಿ, ಚಿಲಕವನ್ನೂ ಹಾಕಿದರು. ರಾಜೀನಾಮೆ ಹೇಗೆ ಬರೆಯುತ್ತಾರೆ ಎಂದು ಸುಭಾಸ ಮನಸ್ಸಿನಲ್ಲೇ ಯೋಚಿಸತೊಡಗಿದ.

“ಅದು ಎಷ್ಟನೇ ಪಾಠರಿ?” ಸಾಹೇಬರ ದನಿ ಪಿಸುಗುಟ್ಟುತ್ತಿತ್ತು.

“ಹದಿನಾಲ್ಕನೇದ್ರಿ ಸರ್.”

“ಹದಿನಾಲ್ಕು!” ಸಾಹೇಬರು ಸ್ಟೂಲಿನ ಮೇಲೆ ಕುಸಿದರು. “ನಾ ಇನ್ನೂ ಒಂಬತ್ತರಾಗ ಅದೀನಪಾ.”

“ನೀವೂ ಅದ ಮಾಸ್ತರನ್ನ ನೋಡ್ತೀರೇನ್ರಿ ಸರ್?” ಎಂದ ಸುಭಾಸ.

“ಸೋಮವಾರ ಗದಗಿನಾಗ ನಲವತ್ತು ಮಂದಿ ಮಾಸ್ತರಿಗೆ ನಾ ಪೈಥಾನ್ ಕಲಿಸಬೇಕಂತ ಆರ್ಡರ್ ಐತಿ. ಮೂರು ದಿನದಿಂದ ಅನ್ನ ಇಳಿದಿಲ್ಲ ನನಗ. ನೀವ ಬಂದು ಕಲಸ್ರಿ.”

“ಸರ್, ನನಗ ಬರಂಗಿಲ್ಲಂತ ಈಗಷ್ಟ ಹೇಳಿದ್ನಲ್ರಿ!”

“ನನಗಿಂತ ಐದು ಪಾಠ ಮುಂದ ಅದೀರಿ, ಅಷ್ಟು ಸಾಕು. ಇನ್ನ ಮ್ಯಾಲೆ ಆ ಮಾತು ನಿಮ್ಮ ಬಾಯಾಗ ಬರಬಾರದು.” ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಎದೆ ಸೆಟೆದು ತರಗತಿಗೆ ಹೋದರು. “ಕೇಳ್ರಿಪಾ ಎಲ್ಲಾರೂ. ಎಲ್ಲಾ ಬಂದೂ ಏನೂ ಬರಂಗಿಲ್ಲ ಅನ್ನಾಕ ದೊಡ್ಡ ಮನಸ್ಸು ಬೇಕು. ಇದಕ್ಕ ವಿನಯ ಅಂತಾರ. ನಿಮ್ಮ ಸುಭಾಸ ಸರ್ ಸೋಮವಾರದಿಂದ ಜಿಲ್ಲಾದ ಮಾಸ್ತರಿಗೆಲ್ಲಾ ಮಾಸ್ತರ!”

ಮತ್ತೆ ಚಪ್ಪಾಳೆ. ಶಿವರಂಜನಿ ಫೋಟೋ ತೆಗೆದಳು. ಗುಲಾಬಬಿ ಮಂಜವ್ವನಿಗೆ ಖಬರು ಮುಟ್ಟಿಸಲು ಆಗಲೇ ಮೆಟ್ಟಿಲಿಳಿದಿದ್ದಳು, ಅಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅಮೃತವ್ವ ಡಬ್ಬಿಯನ್ನು ಸುಭಾಸನ ಕಡೆಗೆ ಸರಿಸಿ, “ಉಣ್ರಿ ಸರ, ಆರಿ ಹೊಕ್ಕಾವು” ಎಂದಳು. ಎಂದೂ ರೊಟ್ಟಿ ಬಿಡದವನು ಆವತ್ತು ಬಿಟ್ಟ.

ಎಲ್ಲರೂ ಹೋದ ಮೇಲೆ ಸುಭಾಸ ಮೊಬೈಲು ತೆಗೆದು ಬೆಳಿಗ್ಗೆ ನಿಂತಿದ್ದ ಜಾಗಕ್ಕೆ ಓಡಿಸಿದ. ದಿಲ್ಲಿ ಮಾಸ್ತರ ಬೆರಳೆತ್ತಿದ. “ಕ್ಯೋಂಕಿ...” ಎಂದ. ಪರದೆ ಎರಡು ಸಲ ಮಿಣುಕಿ ಕಪ್ಪಾಯಿತು. ಎಷ್ಟು ಒತ್ತಿದರೂ ಏಳಲಿಲ್ಲ. ಅಲುಗಾಡಿಸಿದರೆ ಚಿಟಿಕೆ ಹಿಟ್ಟು ಉದುರಿತು.

ಸುಭಾಸ ದಡದಡ ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟುತ್ತಿದ್ದ ಮೈಲಾರಪ್ಪನನ್ನು ಹಿಡಿದ. “ಯಜಮಾನ್ರ, ನಿಲ್ರಿ. ಆ ಲಾಭದ ಮಾತು ಇನ್ನೊಮ್ಮೆ ಹೇಳ್ರಿ, ಬರಕೋತೀನಿ. ಸೋಮವಾರ ಬೇಕು.”

ಮೈಲಾರಪ್ಪ ನಾಚಿದ. “ಅದು ನಿಮ್ಮ ಬೆವರು ನೋಡಲಾರದ ಬಾಯಿಗೆ ಬಂದದ್ದು ಹೇಳಿದ್ನಿರಿ ಸರ. ಅದು ಖರೇನ ಹಂಗ ಐತೇನ್ರಿ?”

“ನನಗ ಗೊತ್ತಿಲ್ರಿ ಯಜಮಾನ್ರ. ದೇವರಾಣಿ ಗೊತ್ತಿಲ್ಲ.”

ಮೈಲಾರಪ್ಪ ಅವನನ್ನು ಒಂದು ಗಳಿಗೆ ಕಣ್ತುಂಬ ನೋಡಿದ. ಮುದುಕನ ಕಣ್ಣಲ್ಲಿ ನೀರು ಬಂತು.

“ಸಾಹೇಬ್ರು ಹೇಳಿದ್ದು ಸುಳ್ಳಲ್ರಿ. ನೋಡ್ರಿ, ಮತ್ತ ಅದ ವಿನಯ! ನಾ ಪಾಪಿ, ಒಳಗ ನಿಮ್ಮ ಮ್ಯಾಲೆ ಸಂಶೆ ಪಟ್ಟೆ. ಹೊಟ್ಟ್ಯಾಗ ಹಾಕ್ಕೋರಿ ಸರ” ಎಂದವನೇ, ಸುಭಾಸ ಹಿಂದೆ ಸರಿಯುವ ಮೊದಲು, ತುಂಬಿದ ಬಜಾರದಲ್ಲಿ ಬಗ್ಗಿ ಅವನ ಕಾಲು ಮುಟ್ಟಿದ.