ಇರುವೆಯ ನಾತ, ನನಗೆ ಬಂದ ಮಾತು

ಸೊಸೆಯಾದವಳು ಬೇಕಾದಷ್ಟು ಆಪಾದನೆ ಹೊರಬಲ್ಲಳು. ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನಿ, ಹೊರುತ್ತೇನೆ. ಮಗಳಿಗೆ ನೆಗಡಿಯಾದದ್ದು ನನ್ನಿಂದಲೇ ಅನ್ನಿ, ಅದನ್ನೂ ಹೊರುತ್ತೇನೆ. ಆದರೆ ಗುಬ್ಬಿ ಕಡೆಯ ತೆಂಗಿನ ತೋಟದ ಮನೆಗೆ ಸೊಸೆಯಾದವಳಿಗೆ ‘ಕಾಯಿ ಕೊಳೆಸಿದಳು’ ಎಂಬ ಮಾತು ಬಂದರೆ? ಅದನ್ನು ಮಾತ್ರ ಹೊರಲಾಗದು. ನನಗೆ ಆ ಮಾತು ಬಂದದ್ದು, ಹೇಳಲೂ ನಾಚಿಕೆ, ಒಂದು ಇರುವೆಯಿಂದ.

ತೊಂಬತ್ತರ ದಶಕದ ಕೊನೆ. ನಾವು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ತಿಂಗಳಿಗೊಮ್ಮೆ ಒಂದು ಚೀಲ ಕಾಯಿ ಹೊತ್ತು ಬಸ್ಸಿಳಿಯುವರು. ಬಂದವರು ನನ್ನನ್ನು ಮಾತಾಡಿಸುವ ಮೊದಲು ಹಿಂದಿನ ಸಲದ ಕಾಯಿಗಳನ್ನು ಮಾತಾಡಿಸುವರು: ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರು ಗುಳುಗುಳು ಎಂದರೆ ಮುಖ ಅರಳುವುದು. ಆ ಸಲ ಎಲ್ಲವೂ ವಿಧೇಯವಾಗಿ ಗುಳುಗುಟ್ಟಿದವು. ಆದರೂ ಅಡುಗೆಕಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದವರು ಅಂಗೈ ಮೂಸಿ ನಿಂತುಬಿಟ್ಟರು.

“ಏನವ್ವಾ, ಎಲ್ಲೋ ಕಾಯಿ ಕೊಳ್ಸಿದ್ದೀಯಲ್ಲ?”

“ಇಲ್ಲತ್ತೆ, ಎಲ್ಲಾ ಚೆನ್ನಾಗಿದೆ.”

“ಕೊಳ್ತ ಕೊಬ್ರಿ ವಾಸ್ನೆ ನನ್ ಮೂಗಿಗೆ ಗೊತ್ತಾಗಕಿಲ್ವಾ? ಇಂಗ್ಲಿಷ್ ಸ್ಕೂಲಲ್ಲಿ ಕಾಯಿ ಹೆಂಗ್ ಇಡ್ಬೇಕು ಅಂತ ಹೇಳ್ಕೊಡಲ್ಲ ಬುಡು.”

ನಾನು ಓದಿದ ಕಾನ್ವೆಂಟನ್ನು ಎಳೆದು ತಂದದ್ದಕ್ಕೆ ನನಗೆ ಉರಿದುಹೋಯಿತು. ಸಿಸ್ಟರುಗಳು ಕಾಯಿಯ ಪಾಠ ಮಾಡಲಿಲ್ಲ, ನಿಜ. ಆದರೆ ಕಣ್ಣಾರೆ ನೋಡದೆ ಯಾರನ್ನೂ ದೂರಬಾರದೆಂದು ಕಲಿಸಿದ್ದರು. ಅಂತರಸನಹಳ್ಳಿಯ ಕಾರ್ಖಾನೆಯಿಂದ ಬಂದ ಯಜಮಾನರು, “ಅಮ್ಮ ಅಂದಿದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಕಣೇ,” ಎಂದು ಆರಾಮವಾಗಿ ಟೀ ಕುಡಿದರು. ಅವರಿಗೇನು! ಆ ಮಾತು ಗುಬ್ಬಿ ತಲುಪಿದರೆ ನಾದಿನಿ, ವಾರಗಿತ್ತಿಯರ ಬಾಯಲ್ಲಿ ಏಳೆಂಟು ಮದುವೆಗಳಿಗಾದರೂ ಬಾಳಿಕೆ ಬರುತ್ತದೆ.

ಮರುದಿನ ಮಧ್ಯಾಹ್ನ ಅತ್ತೆ ಅಡ್ಡಾದಾಗ ಕಟ್ಟೆಯನ್ನೆಲ್ಲ ಬೆಕ್ಕಿನಂತೆ ಮೂಸಿದೆ. ಸಕ್ಕರೆ ಡಬ್ಬಿಯ ಪಕ್ಕ ಇರುವೆ ಸಾಲು. ಒಂದೊಂದೂ ಸಾಸಿವೆಗಿಂತ ಸಣ್ಣದು. ಮಗಳ ಭೂತಗನ್ನಡಿ ಹಿಡಿದೆ. ಕೆಂಪಿರುವೆಯಲ್ಲ, ಕಚ್ಚಲಿಲ್ಲ. ಕಪ್ಪಿರುವೆಯೂ ಅಲ್ಲ, ತಲೆಯ ಕಡೆ ಮಾತ್ರ ಕಪ್ಪು, ಹೊಟ್ಟೆ, ಕಾಲೆಲ್ಲ ಗಂಜಿಯ ತಿಳಿಯಂತೆ ಬಿಳಿಚು. ಚೆಲ್ಲಿದ ಸಕ್ಕರೆಯ ಮೇಲೆ ಬರೀ ತಲೆಗಳೇ ಗಡಿಬಿಡಿಯಿಂದ ಓಡಾಡುತ್ತಿರುವಂತಿತ್ತು. ಒಂದನ್ನು ಬೆರಳಲ್ಲಿ ಹೊಸಕಿ ಮೂಸಿದೆ. ಅಪ್ಪಟ ಕೊಳೆತ ಕೊಬ್ಬರಿ! ಅತ್ತೆ ಅಂಗೈಯಿಂದ ಸವರಿದ್ದು ಈ ಸಾಲನ್ನೇ.

ನಿದ್ದೆಯಿಂದ ಎಬ್ಬಿಸಿಯೇ ತೋರಿಸಿದೆ. ಅವರೂ ಮೂರನ್ನು ಹೊಸಕಿ ಮೂರು ಸಲ ಮೂಸಿದರು. “ಹೌದಲ್ಲವ್ವಾ! ಇದರ್ ಹೊಟ್ಟೇಲಿ ಯಾರ್ ಕೊಬ್ರಿ ಇಟ್ರು?” ಎಂದರು. ತಪ್ಪಾಯಿತು ಎನ್ನಲಿಲ್ಲ, ಅತ್ತೆಯರಲ್ಲಿ ಆ ಪದ್ಧತಿಯಿಲ್ಲ. ಆದರೆ ಊರಿಗೆ ಹೋಗಿ, ಹೊಸ ಜಾತಿಯ ಇರುವೆಯನ್ನು ತಾವೇ ಪತ್ತೆಹಚ್ಚಿದಂತೆ ಎಲ್ಲರಿಗೂ ಹೇಳಿದರಂತೆ.

ಗೆದ್ದ ಹುಮ್ಮಸ್ಸಿನಲ್ಲಿ ನಾನು ಸೇಡು ತೀರಿಸಿಕೊಂಡೆ. ಡಬ್ಬಿಗಳನ್ನು ನೀರಿನ ತಟ್ಟೆಯಲ್ಲಿಟ್ಟೆ, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದೆ, ಮೂಲೆ ಮೂಲೆಯನ್ನೂ ಸೋಪು ಹಾಕಿ ಉಜ್ಜಿದೆ. ಇರುವೆಯ ವಂಶವೇ ಮನೆ ಬಿಟ್ಟಿತು.

ಮುಂದಿನ ತಿಂಗಳು ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಮೂಗು ಅರಳಿಸಿದರು. ಅಕ್ಕಿ ಡ್ರಮ್ಮಿನ ಮೇಲಿಟ್ಟಿದ್ದ ಕಾಯಿ ಹೋಳು ಹಿಂದಕ್ಕೆ ಬಿದ್ದು ವಾರವಾಗಿದ್ದದ್ದು ನನಗೆ ಆಗಲೇ ನೆನಪಾಗಬೇಕೆ! ಬಾಯಿಗೆ ಬಂದದ್ದು ಒಂದೇ: “ಇರುವೆ, ಅತ್ತೆ.”

ಅತ್ತೆ ಚೀಲ ಕೆಳಗಿಟ್ಟು ಅಂಗೈ ಚಾಚಿದರು. “ಎಲ್ಲಿ, ಒಂದ್ ತೋರ್ಸು.”

ಕಟ್ಟೆ, ಕಿಟಕಿ, ಸಕ್ಕರೆ ಡಬ್ಬಿಯ ಬುಡ ಎಲ್ಲ ತಡಕಾಡಿದೆ. ಅಚ್ಚುಕಟ್ಟಾದ ಗೃಹಿಣಿಯ ಅಡುಗೆಮನೆ. ಮರ್ಯಾದೆ ಕಾಪಾಡಲು ಒಂದೇ ಒಂದು ಇರುವೆ ಇರಲಿಲ್ಲ.