ನನ್ನ ಹಕ್ಕಿಯ ಭಾಷೆ ಬದಲಿಸಿದ ಅಂಟು ಮಹಾಶಯರಿಗೆ

ಫೋನಿನ ಬೆನ್ನಿಗೂ ಬ್ಯಾಟರಿಯ ಹೊಟ್ಟೆಗೂ ನಡುವಿನ ಕತ್ತಲಲ್ಲಿ ಸುಖವಾಗಿ ವಾಸಿಸುತ್ತಿರುವ ಶ್ರೀಮಾನ್ ಅಂಟು ಮಹಾಶಯರ ಸನ್ನಿಧಾನಕ್ಕೆ, ಪಶ್ಚಿಮ ಫ್ಲಾಂಡರ್ಸಿನ ಒಂದು ಸಣ್ಣ ಊರಿನ ನಿವೃತ್ತ ಬಸ್ ಚಾಲಕ ವಾಲೇರ್ ವೆರ್ಮೌಟ್ ಮಾಡುವ ಅನೇಕಾನೇಕ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾನು, ನನ್ನ ಹೆಂಡತಿ ಮಾರ್ಲೇನ್, ಮೊಲಗಳು, ಹಕ್ಕಿ ಎಲ್ಲರೂ ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮದ ಬಗ್ಗೆ ಮಾತ್ರ ಆತಂಕದ ಸುದ್ದಿ ಕೇಳಿಬರುತ್ತಿದೆ. ಫೋನಿನ ಬ್ಯಾಟರಿಯನ್ನು ಅದನ್ನು ಕೊಂಡ ಮನುಷ್ಯನೇ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಲಕರಣೆಗಳಿಂದ, ಬಿಸಿ ಮಾಡದೆ, ರಾಸಾಯನಿಕ ಸುರಿಯದೆ, ತೆಗೆದು ಬೇರೆಯದನ್ನು ಹಾಕುವಂತಿರಬೇಕೆಂದು ಬ್ರಸೆಲ್ಸಿನ ದೊಡ್ಡವರು ನಿಯಮ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಅದು ಜಾರಿಗೆ ಬರುವ ದಿನವೇ ತಮ್ಮ ಕೆಲಸ ಹೋಗುವ ದಿನ ಎಂಬುದನ್ನು ಅರ್ಥ ಮಾಡಿಕೊಳ್ಳಲು ಹೆಚ್ಚು ಓದು ಬೇಕಿಲ್ಲ. ಬೀಳ್ಕೊಡುಗೆಯ ದಿನ ನಾಲ್ಕು ಒಳ್ಳೆಯ ಮಾತಾಡುವುದು ಸಜ್ಜನರ ಲಕ್ಷಣವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಆ ನಾಲ್ಕರ ನಡುವೆ ಒಂದು ದೂರು ನುಸುಳಿದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ಮೊದಲಿಗೆ ತಮ್ಮ ನಿಷ್ಠೆಯನ್ನು ಹೊಗಳಬೇಕು. ನನ್ನ ಹಳೆಯ ಫೋನಿನ ಬೆನ್ನು ಉಗುರು ಹಾಕಿ ಮೀಟಿದರೆ ಕಳಚುತ್ತಿತ್ತು, ಬ್ಯಾಟರಿ ಅಂಗೈಗೆ ಬೀಳುತ್ತಿತ್ತು, ಇನ್ನೊಂದನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಅದು ಶಿಸ್ತಿಲ್ಲದ ಕಾಲ. ಆಮೇಲೆ ನನ್ನ ಮಗಳು ಹಿಲ್ಡೆ ಹುಟ್ಟುಹಬ್ಬಕ್ಕೆ ಕೊಟ್ಟ ಹೊಸ ಫೋನಿನಲ್ಲಿ ತಮ್ಮ ಪರಿಚಯವಾಯಿತು. ಉಡದ ಪಟ್ಟು ಎಂಬುದನ್ನು ಕೇಳಿದ್ದೆ, ನೋಡಿದ್ದು ಅಂದೇ. ನಮ್ಮೂರಿನಲ್ಲಿ ಮದುವೆಗಳು ಬಿಟ್ಟುಹೋಗಿವೆ, ಚರ್ಚಿನ ಗೋಡೆಯ ಗಾರೆ ಬಿಟ್ಟುಹೋಗಿದೆ, ಪಂಚಾಯಿತಿಯವರು ಹಾಕಿದ ಡಾಂಬರು ಹಾಕಿದ ವರ್ಷವೇ ಎದ್ದುಹೋಗಿದೆ. ಸತ್ತುಹೋಗುತ್ತಿರುವ ಒಂದು ಬ್ಯಾಟರಿಯನ್ನು ಎದೆಗವಚಿಕೊಂಡು ಬಿಡದೆ ಕೂತವರು ತಾವೊಬ್ಬರೇ. ನಂಟು ಎಂದರೆ ಹೀಗಿರಬೇಕು ಎಂದು ನಾನು ನಾಲ್ಕು ಜನರೆದುರು ಹೇಳಿದ್ದೇನೆ.

ಈಗ ದೂರು. ಅದು ಫೋನಿನದ್ದಲ್ಲ, ಒಂದು ಕುರ್ಚಿಯದ್ದು. ಮಡಚುವ ಕುರ್ಚಿ, ಬಟ್ಟೆ ಸ್ವಲ್ಪ ಹರಿದಿದೆ. ವಸಂತ ಬಂತೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಅಂಚಿನಲ್ಲಿ ಸಾಲಾಗಿ ಪುಟ್ಟ ಮರದ ಪೆಟ್ಟಿಗೆಗಳನ್ನಿಡುತ್ತೇವೆ. ಒಂದೊಂದರಲ್ಲೂ ಗುಬ್ಬಿ ಗಾತ್ರದ ಒಂದೊಂದು ಗಂಡು ಫಿಂಚ್ ಹಕ್ಕಿ. ಕೆಂಪು ಬಾವುಟ ಎದ್ದಮೇಲೆ ಒಂದು ಗಂಟೆಯ ಹೊತ್ತು ಯಾವ ಹಕ್ಕಿ ಹೆಚ್ಚು ಸಲ ಹಾಡುತ್ತದೋ ಅದು ಗೆದ್ದಂತೆ. ಯಾರೂ ತನ್ನ ಹಕ್ಕಿಯನ್ನು ತಾನು ಎಣಿಸುವಂತಿಲ್ಲ, ಪಕ್ಕದವನದ್ದನ್ನು ಎಣಿಸಬೇಕು. ಹಾಡಿಗೊಂದು ಗೆರೆಯಂತೆ ಉದ್ದನೆಯ ಕೋಲಿನ ಮೇಲೆ ಸೀಮೆಸುಣ್ಣದಲ್ಲಿ ಎಳೆಯಬೇಕು. ನನ್ನ ಹಕ್ಕಿಗೆ ಪಕ್ಕದ ಮನೆಯ ಕಮೀಲ್, ಕಮೀಲನ ಹಕ್ಕಿಗೆ ನಾನು. ಕಮೀಲ್ ನಮ್ಮ ಸಂಘದ ಕಾರ್ಯದರ್ಶಿಯೂ ಹೌದು, ಮತ್ತು ನಿಯಮ ಎಂದರೆ ಅವನಿಗೆ ಪಂಚಪ್ರಾಣ. ಆ ನಿಯಮಗಳಲ್ಲೊಂದು ಏನೆಂದರೆ, ವರ್ಷಕ್ಕೊಮ್ಮೆ ನಡೆಯುವ ಊರ ಪಂದ್ಯದಲ್ಲಿ ಒಂದು ಗೆರೆಯೂ ಗಿಟ್ಟದ ಹಕ್ಕಿಯ ಯಜಮಾನ ಆ ವರ್ಷ ಸಾಲಿನಿಂದ ಕುರ್ಚಿ ಎತ್ತಬೇಕು. ಬಸ್ ಓಡಿಸುವುದು ಬಿಟ್ಟ ಮೇಲೆ ನನಗೆ ಉಳಿದಿರುವ ಊರಿನ ಕೆಲಸವೆಂದರೆ ಆ ಕುರ್ಚಿಯೊಂದೇ. ಅದು ಹೋದರೆ ಭಾನುವಾರವೂ ಮಂಗಳವಾರದಂತೆಯೇ ಆಗುತ್ತದೆ.

ಹಾಡು ಎಂದರೆ ಯಾವ ಹಾಡಾದರೂ ಆಗುವುದಿಲ್ಲ ಎಂಬುದನ್ನೂ ತಿಳಿಸಬೇಕು. ಹಕ್ಕಿ ‘ಸುಸ್ಕೆವೀಟ್’ ಎಂದು, ಕೊನೆಯ ‘ವೀಟ್’ ಅನ್ನು ಚಾಕುವಿನಿಂದ ಕತ್ತರಿಸಿದಂತೆ ಮುಗಿಸಬೇಕು. ದಕ್ಷಿಣಕ್ಕೆ, ಫ್ರೆಂಚ್ ಮಾತಾಡುವ ವಲೂನರ ಕಡೆಗೆ ಹೋದರೆ ಇದೇ ಹಕ್ಕಿ ಕೊನೆಯಲ್ಲಿ ‘ವಿಯೂ’ ಎಂದು ಬಾಲ ಎಳೆಯುತ್ತದೆಂಬುದು ನಮ್ಮವರ ಬಲವಾದ ನಂಬಿಕೆ. ಕೇಳಲು ಇಂಪಾಗಿಯೇ ಇರುತ್ತದೆ. ಆದರೆ ಅದು ವಲೂನ್ ಹಾಡು, ಅದಕ್ಕೆ ಗೆರೆ ಇಲ್ಲ. ನಮ್ಮ ದೇಶದಲ್ಲಿ ಭಾಷೆಯ ಗಡಿಯನ್ನು ಮನುಷ್ಯರಿಗಿಂತ ಹಕ್ಕಿಗಳ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ಕಾಯುತ್ತಾರೆ.

ಈ ವರ್ಷ ನನ್ನ ಕೈಗೆ ಬಂದ ಹಕ್ಕಿ ಎಳೆಯದು, ಅದಕ್ಕೆ ಮೊದಲ ವಸಂತ. ವಾರವಿಡೀ ಮುನಿಸಿಕೊಂಡಂತೆ ಕೂತು ಭಾನುವಾರ ಮಾತ್ರ ಬಾಯಿ ಬಿಟ್ಟು, ಬಿಟ್ಟರೆ ಕೊನೆ ಮುಟ್ಟದೆ ಎಳೆಯುತ್ತಲೇ ಇದ್ದ ಕಾರಣ ಅದಕ್ಕೆ ಪಾದ್ರಿ ಎಂದು ಹೆಸರಿಟ್ಟೆ. ಎಳೆಯ ಹಕ್ಕಿಗೆ ಹಾಡು ಕಲಿಸಲು ಹಳೆಯ ಗೆದ್ದ ಹಕ್ಕಿಯ ಧ್ವನಿಯನ್ನು ಕೇಳಿಸುವುದು ನಮ್ಮಲ್ಲಿ ವಾಡಿಕೆ, ಆ ಧ್ವನಿ ನನ್ನ ಫೋನಿನಲ್ಲಿತ್ತು. ಅದರ ಕೆಳಗೇ ಇನ್ನೊಂದು ಹಕ್ಕಿಯ ಧ್ವನಿಯೂ ಇತ್ತು. ಹಿಲ್ಡೆ ಮದುವೆಯಾಗಿರುವುದು ವಲೂನ್ ಹುಡುಗನನ್ನು, ಇರುವುದು ಅವನ ಊರಿನಲ್ಲಿ. ‘ಅಪ್ಪಾ, ನಮ್ಮ ಹಿತ್ತಲ ಹಕ್ಕಿ ಹೇಗೆ ಹಾಡ್ತದೆ ಕೇಳು’ ಎಂದು ಪ್ರೀತಿಯಿಂದ ಕಳಿಸಿದ್ದಳು. ಪಂದ್ಯದ ಹಿಂದಿನ ಗುರುವಾರ, ಏಸು ಸ್ವರ್ಗಕ್ಕೇರಿದ ಹಬ್ಬದ ಬೆಳಿಗ್ಗೆ, ಪಾದ್ರಿಯ ಪೆಟ್ಟಿಗೆಯೆದುರು ಫೋನು ಹಿಡಿದು, ಬಸ್ಸಿನ ಚಕ್ರ ತಿರುಗಿಸಿ ದಪ್ಪಗಾದ ಈ ಹೆಬ್ಬೆರಳಿನಿಂದ, ಮೇಲಿನದನ್ನು ಒತ್ತಲು ಹೋಗಿ ಕೆಳಗಿನದನ್ನು ಒತ್ತಿದೆ. ಫೋನು ‘ವಿಯೂ’ ಎಂದಿತು. ನಿಲ್ಲಿಸಲು ಒತ್ತಿದೆ. ಪರದೆ ಮರಗಟ್ಟಿತ್ತು. ಪಕ್ಕದ ಗುಂಡಿ ಕಳೆದ ಚಳಿಗಾಲದಲ್ಲೇ ಒಳಗೆ ಹೋಗಿ ಕೂತಿತ್ತು. ಫೋನು ಮತ್ತೆ ‘ವಿಯೂ’ ಎಂದಿತು.

ಮಾನ್ಯರೇ, ಹಳೆಯ ಫೋನಾಗಿದ್ದರೆ ಉಗುರು ಹಾಕಿ ಬೆನ್ನು ಕಳಚಿ ಬ್ಯಾಟರಿ ಕಿತ್ತು ಮೊಲದ ಗೂಡಿನ ಮೇಲಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದೆ. ಆದರೆ ತಾವಿದ್ದಿರಿ. ಉಗುರು ಮುರಿಯಿತು, ಬೆಣ್ಣೆ ಸವರುವ ಚಾಕು ಬಾಗಿತು, ತಾವು ಮಿಸುಕಲಿಲ್ಲ. ಪಟ್ಟಣದ ರಿಪೇರಿ ಅಂಗಡಿಗೆ ಓಡೋಣವೆಂದರೆ ಹಬ್ಬದ ಗುರುವಾರಕ್ಕೂ ಶನಿವಾರಕ್ಕೂ ನಡುವೆ ಸಿಕ್ಕಿಕೊಂಡ ಶುಕ್ರವಾರಕ್ಕೂ ರಜೆ ಹಾಕಿ ‘ಸೇತುವೆ ಕಟ್ಟುವುದು’ ನಮ್ಮವರ ಪರಮ ಧರ್ಮ, ಸೋಮವಾರದ ತನಕ ಒಂದು ಬಾಗಿಲೂ ತೆರೆಯುವುದಿಲ್ಲ. ಹೊಲದಾಚೆಗೆ ಒಯ್ದು ಎಸೆಯೋಣವೆಂದರೆ ಇಡೀ ಬೀದಿ ದಾಟಬೇಕು. ಆ ಬೀದಿಯ ಮನೆಮನೆಯ ಕಿಟಕಿಯಲ್ಲೂ ಪಂದ್ಯದ ಹಕ್ಕಿ ಕಿವಿಗೊಟ್ಟು ಕೂತಿದೆ. ಅವುಗಳೆದುರು ಈ ‘ವಿಯೂ’ ಹೊತ್ತು ನಡೆದರೆ ಊರಿಗೇ ಬೆಂಕಿ ಇಟ್ಟಂತೆ. ಹಾಗಾಗಿ ಕೆಟ್ಟದ್ದನ್ನು ನನ್ನ ಮನೆಯೊಳಗೇ ಇಟ್ಟುಕೊಂಡೆ. ಕಂಬಳಿಯಲ್ಲಿ ಸುತ್ತಿದೆ, ಬ್ರೆಡ್ಡಿನ ಪೆಟ್ಟಿಗೆಯಲ್ಲಿ ಮುಚ್ಚಿದೆ, ಕೊನೆಗೆ ನೆಲಮಾಳಿಗೆಗೆ ಇಳಿದು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಒಳಗೆ ಒಂದು ಹನಿಯೂ ಹೋಗದಂತೆ ತಾವು ಕಾದಿರಿ. ಫೋನು ನೀರಿನೊಳಗಿಂದಲೇ, ಸ್ವಲ್ಪ ನೆಗಡಿ ಬಂದವರ ಧ್ವನಿಯಲ್ಲಿ, ಹಾಡಿತು.

ಇನ್ನು ಬ್ಯಾಟರಿಯ ಸಂಗತಿ. ದಿನಾ ಮಧ್ಯಾಹ್ನದೊಳಗೆ, ಅದೂ ನಾನು ವೈದ್ಯರ ಜೊತೆ ಮಾತಾಡುತ್ತಿರುವಾಗಲೇ ಪ್ರಾಣ ಬಿಡುತ್ತಿದ್ದ ಅದೇ ಬ್ಯಾಟರಿ ಅಂದು ಸಂಜೆಯ ತನಕ ಉಸಿರು ಹಿಡಿದುಕೊಂಡಿತ್ತು. ಮಾರ್ಲೇನ್ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು, ‘ಒಂದಿನಾನೂ ಪೂರ್ತಿ ನಡೀಯಲ್ಲ ಅಂತ ದಿನಾ ಗೊಣಗ್ತಿದ್ರಲ್ಲ, ತಗೊಳ್ಳಿ, ನಡೀತಿದೆ’ ಎಂದಳು. ಹಾಲಿಗೆ ಹೆಪ್ಪು ಬೀಳಲು ಒಂದು ಹನಿ ಸಾಕು, ಪಾದ್ರಿಯ ಕಿವಿಗೆ ದಿನವಿಡೀ ಬಿದ್ದಿತ್ತು. ಫೋನು ಸುಮ್ಮನಾದ ಮೇಲೆ ಮೇಲಿಂದ ಪಾದ್ರಿಯ ಧ್ವನಿ ಕೇಳಿತು. ಜೀವನದಲ್ಲಿ ಮೊದಲ ಬಾರಿಗೆ ಹಾಡನ್ನು ಪೂರ್ತಿ ಮುಗಿಸಿದ್ದ. ‘ವಿಯೂ’ ಎಂದೇ ಮುಗಿಸಿದ್ದ.

ಭಾನುವಾರ ಪಾದ್ರಿ ಹಾಡಿದಂತೆ ಆ ಸಾಲಿನಲ್ಲಿ ಯಾರೂ ಹಾಡಲಿಲ್ಲ. ಗಂಟಲು ಉಬ್ಬಿಸಿ, ಎದೆ ತುಂಬಿ, ಒಂದರ ಬೆನ್ನಿಗೊಂದು. ನಾನು ಕಮೀಲನ ಹಕ್ಕಿಗೆ ಗೆರೆ ಎಳೆಯುತ್ತ ಓರೆಗಣ್ಣಿನಿಂದ ಕಮೀಲನ ಕೋಲನ್ನೇ ನೋಡುತ್ತಿದ್ದೆ. ಅದು ಬೋಳಾಗಿಯೇ ಇತ್ತು. ಅವನ ಸೀಮೆಸುಣ್ಣ ಒಂದೆರಡು ಸಲ ಕೋಲಿನ ತನಕ ಹೋಗಿ, ಬಾಲ ಕೇಳಿ, ವಾಪಸು ಬಂತು. ಬಾವುಟ ಇಳಿದ ಮೇಲೆ ಕಮೀಲ್ ಟೋಪಿ ತೆಗೆದು, ಸಾವಿನ ಮನೆಯಲ್ಲಿ ಮಾತಾಡುವಂತೆ ಮೆಲ್ಲಗೆ ಹೇಳಿದ:

‘ನಿನ್ ಹಕ್ಕಿ ಚೆನ್ನಾಗೇ ಹಾಡ್ತು ವಾಲೇರ್. ನಮ್ ಭಾಷೇಲಿ ಹಾಡ್ಲಿಲ್ಲ ಅಷ್ಟೇ.’

ಕಾಫಿಮನೆಯಲ್ಲಿ ಸಭೆ ಸೇರಿತು. ಬಿಯರ್ ಬಂತು, ನಿಯಮ ಓದಲಾಯಿತು, ನಾನು ಕುರ್ಚಿ ಮಡಚಲು ಎದ್ದೆ. ಆಗ ಕಮೀಲನ ಮುಖದಲ್ಲಿ ಒಂದು ಲೆಕ್ಕ ಓಡುವುದು ಕಂಡಿತು. ಸಂಘದಲ್ಲಿ ಈಗ ಉಳಿದಿರುವ ಜನ ಕಡಿಮೆ, ಎಲ್ಲರಿಗೂ ಎಣಿಸಲು ಒಂದೊಂದು ಹಕ್ಕಿ ಇದೆ, ಮಿಕ್ಕ ಕೈಗಳಿಲ್ಲ. ನಿಯಮ ನಿಯಮವೇ, ಅದರಲ್ಲಿ ಎರಡು ಮಾತಿಲ್ಲ ಎಂದು ಅವನು ಬಹಳ ಹೊತ್ತು ವಿವರಿಸಿದ. ಆಮೇಲೆ, ‘ಆದ್ರೆ ನೀನು ಎದ್ದು ಹೋದ್ರೆ ನನ್ ಹಕ್ಕಿ ಎಣಿಸೋರ್ಯಾರು? ಕೂತ್ಕೋ. ಪಾದ್ರಿ ಹಾಡ್ಲಿ. ಗೆರೆ ಮಾತ್ರ ಕೇಳ್ಬೇಡ’ ಎಂದ. ಹೀಗೆ ಕುರ್ಚಿ ಉಳಿಯಿತು. ಆದರೆ ಮಾನ್ಯರೇ, ಊರೆಲ್ಲ ಎಣಿಸಿಕೊಳ್ಳುವಾಗ ತನ್ನ ಹಕ್ಕಿಯೊಂದು ಮಾತ್ರ ಲೆಕ್ಕಕ್ಕಿಲ್ಲದೆ ಹಾಡುವುದನ್ನು ಕೇಳುತ್ತ ಕೂರುವುದು ಕುರ್ಚಿ ಇಲ್ಲದಿರುವುದಕ್ಕಿಂತ ಸುಖವೇನಲ್ಲ. ಮುಂದಿನ ಭಾನುವಾರ ಹೋಗುವುದೇ ಬೇಡ ಎಂದುಕೊಂಡಿದ್ದೆ.

ಆ ನಡುವೆ ಹಿಲ್ಡೆ ಗಂಡನನ್ನು ಕರೆದುಕೊಂಡು ಬಂದಳು. ಅಳಿಯ ತಿಯೆರಿ ಒಳ್ಳೆಯವನು. ಅವನಿಗೆ ನಮ್ಮ ಮಾತು ಬಾರದು, ನನಗೆ ಅವನದು ಬಾರದು. ಇಷ್ಟು ವರ್ಷ ನಾವಿಬ್ಬರೂ ಅವನು ಬಂದಾಗ ತಲೆಯಾಡಿಸಿ, ಊಟದಲ್ಲಿ ಉಪ್ಪು ದಾಟಿಸಿ, ಹೋಗುವಾಗ ಮತ್ತೆ ತಲೆಯಾಡಿಸಿ ಸಂಸಾರವನ್ನು ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದೆವು. ಅಂದು ಮೊಲದ ಮಾಂಸದ ಊಟ ನಡೆಯುತ್ತಿರುವಾಗ ಹಿತ್ತಲಿನಿಂದ ಪಾದ್ರಿ ‘ವಿಯೂ’ ಎಂದ. ತಿಯೆರಿಯ ಫೋರ್ಕ್ ತಟ್ಟೆಗೆ ಬಿತ್ತು. ಎದ್ದು ಹೋಗಿ ಪೆಟ್ಟಿಗೆಯೆದುರು ಮಂಡಿಯೂರಿ ಕೂತವನು ಊಟ ಆರಿಹೋದರೂ ಬರಲಿಲ್ಲ. ಕೊನೆಗೆ ಒಳಗೆ ಬಂದು, ಎಲ್ಲಿಂದಲೋ ಹೆಕ್ಕಿ ತಂದ ನಮ್ಮ ಮಾತುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ:

‘ಮಾವ. ಹಕ್ಕಿ ಇವನು, ನನ್ನ ಅಜ್ಜಿ ಊರು. ಈ ಮನೇಲಿ... ಸರಿಯಾಗಿ ಮಾತಾಡೋದು ಇವನೊಬ್ಬ.’

ಮಾರ್ಲೇನ್ ನಕ್ಕಳು, ಹಿಲ್ಡೆ ಅತ್ತಳು. ನಾನು ಉಪ್ಪು ದಾಟಿಸಿದೆ.

ಮರು ಭಾನುವಾರ ಬಾವುಟ ಏಳುವ ಮೊದಲು ತಿಯೆರಿಯ ಕಾರು ಮನೆಯೆದುರು ಬಂತು, ನಾನೂ ಪಾದ್ರಿಯ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಅವನ ಕೈಯಲ್ಲಿ ಕಪ್ಪು ಬಣ್ಣ ಬಳಿದ ಪೊರಕೆಯ ಹಿಡಿ, ಜೇಬಿನಲ್ಲಿ ಸೀಮೆಸುಣ್ಣ. ಯಾರ ಅಪ್ಪಣೆಯನ್ನೂ ಕೇಳದೆ ಪಾದ್ರಿಯ ಹಿಂದೆ ಹುಲ್ಲಿನ ಮೇಲೆ ಕೂತು, ತನ್ನ ಭಾಷೆಯಲ್ಲಿ ಬಾಯೊಳಗೇ ಎಣಿಸುತ್ತ, ಪ್ರತಿ ‘ವಿಯೂ’ಗೂ ಒಂದು ಗೆರೆ ಎಳೆದ. ಗಂಟೆ ಮುಗಿದಾಗ ಆ ಹಿಡಿ ಈ ತುದಿಯಿಂದ ಆ ತುದಿಯ ತನಕ ಬಿಳಿಯಾಗಿತ್ತು. ಸಂಘದ ಪುಸ್ತಕದಲ್ಲಿ ಅದು ಎಲ್ಲೂ ಬರುವುದಿಲ್ಲ. ಅವನು ಅದನ್ನು ನನ್ನ ಮಡಿಲಿಗಿಟ್ಟ. ಕಮೀಲ್ ಬಂದು ಬಗ್ಗಿ ನೋಡಿ, ತಲೆ ಕೆರೆದುಕೊಂಡು, ‘ಹುಡುಗ ಸೀಮೆಸುಣ್ಣ ಒಳ್ಳೇದು ತಂದಿದಾನೆ’ ಎಂದಷ್ಟೇ ಹೇಳಿ ಹೋದ. ನಾನು ಕೋಲನ್ನು ಒರೆಸಲಿಲ್ಲ. ಬೀದಿಯಲ್ಲಿ ಹೊತ್ತುಕೊಂಡು ಬರುವಾಗ ಗೆರೆ ಅಳಿಸೀತೆಂದು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ತಂದೆ, ತಿಯೆರಿ ಮುಂದೆ ನಡೆಯುತ್ತ ಎದುರಿಗೆ ಬರುವವರನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಹೀಗಿರುವಾಗ ದೂರನ್ನು ಹೇಗೆ ಮುಗಿಸುವುದೆಂದೇ ತಿಳಿಯದಾಗಿದೆ. ನನ್ನ ಹಕ್ಕಿಯ ಗೆಲುವನ್ನು ಕಿತ್ತುಕೊಂಡವರು ತಾವು, ಅದಕ್ಕೆ ಕ್ಷಮೆಯಿಲ್ಲ. ತಾವು ಕೆಲಸ ಕಳೆದುಕೊಳ್ಳುವ ದಿನ ನಾನು ಖಂಡಿತ ಒಂದು ಗ್ಲಾಸ್ ಹೆಚ್ಚು ಕುಡಿಯುತ್ತೇನೆ. ಆದರೆ ಇಷ್ಟು ಗಟ್ಟಿಯಾಗಿ ಹಿಡಿಯುವ ಕಸುಬುದಾರರು ಮೂಲೆಗೆ ಬೀಳುವುದೂ ನ್ಯಾಯವಲ್ಲ. ಆದ್ದರಿಂದ ತಮಗೆ ಕೆಲವು ಹೊಸ ಹುದ್ದೆಗಳನ್ನು ಸೂಚಿಸುತ್ತಿದ್ದೇನೆ. ನನ್ನ ಮೇಲಿನ ಹಲ್ಲುಸೆಟ್ಟನ್ನು ಹಿಡಿದು ಕೂರಿಸುವ ಜಾಗ ಖಾಲಿ ಇದೆ. ಪಂಚಾಯಿತಿಯ ಡಾಂಬರಿನಡಿಯಲ್ಲಿ ಜಾಗ ಯಾವಾಗಲೂ ಇದ್ದೇ ಇದೆ. ಇವೆರಡೂ ಸಣ್ಣವೆನ್ನಿಸಿದರೆ, ನಮ್ಮ ದೇಶದ ಉತ್ತರಾರ್ಧಕ್ಕೂ ದಕ್ಷಿಣಾರ್ಧಕ್ಕೂ ನಡುವೆ ಬಹುಕಾಲದಿಂದ ಒಂದು ಒಳ್ಳೆಯ ಹುದ್ದೆ ಖಾಲಿ ಬಿದ್ದಿದೆ. ಬಂದ ಮಂತ್ರಿಗಳೆಲ್ಲ ಅರ್ಜಿ ಹಾಕಿ, ಒಂದಷ್ಟು ದಿನ ಹಿಡಿದಂತೆ ಮಾಡಿ, ಕಳಚಿಕೊಂಡು ಹೋದರು. ಸದ್ಯಕ್ಕೆ ಭಾನುವಾರದ ಮಟ್ಟಿಗೆ ಒಂದು ಫಿಂಚ್ ಹಕ್ಕಿ ಆ ಕೆಲಸ ನೋಡಿಕೊಳ್ಳುತ್ತಿದೆ, ಸಂಬಳ ಒಂದು ಹಿಡಿ ಕಾಳು. ತಾವು ಬರುವುದಾದರೆ ಅದರ ಕೈಕೆಳಗೆ ಸೇರಬೇಕಾಗುತ್ತದೆ, ಅಷ್ಟೇ.

ತಮ್ಮಿಂದ ಬಿಡಿಸಿಕೊಳ್ಳಲಾಗದ,
ತಮ್ಮ ವಿಶ್ವಾಸಿ,
ವಾಲೇರ್ ವೆರ್ಮೌಟ್

ಮರೆತ ಮಾತು: ಊರ ಪತ್ರಿಕೆಗೆ ಇದರ ಪ್ರತಿ ಕೊಟ್ಟು, ತಮಗೆ ಕಳಿಸಲು ಮೂಲವನ್ನು ಲಕೋಟೆಯೊಳಗಿಟ್ಟು ಅಂಚನ್ನು ನೆಕ್ಕಿ ಒತ್ತಿದೆ. ಹಿಡಿಯಲಿಲ್ಲ. ಮತ್ತೆ ನೆಕ್ಕಿದೆ, ಮೇಲೆ ಮೊಲದ ಕಾಳಿನ ಚೀಲ ಹೇರಿದೆ, ಆದರೂ ಬಾಯಿ ಬಿಟ್ಟುಕೊಂಡೇ ಇದೆ. ಅದೂ ತಮ್ಮ ವಂಶದವರೇ ಇರಬೇಕು, ಹಿಡಿಯಬೇಕಾದ ಕಡೆ ಕೈಕೊಡುವ ಕವಲು. ಕೊನೆಗೆ ಗುಂಡುಸೂಜಿ ಚುಚ್ಚಿ ಕಳಿಸುತ್ತಿದ್ದೇನೆ. ಅದನ್ನು ಸಾಮಾನ್ಯ ಮನುಷ್ಯನೇ, ಬಿಸಿ ಮಾಡದೆ, ಯಾವ ಸಲಕರಣೆಯೂ ಇಲ್ಲದೆ ತೆಗೆಯಬಹುದು. ಹೇಗೆಂದು ತಮ್ಮ ಫೋನು ತಯಾರಿಸಿದವರಿಗೆ ದಯವಿಟ್ಟು ತೋರಿಸಿಕೊಡಿ.