ಬುಲೆಟ್ಟು, ಟೀ ಶರ್ಟು ಮತ್ತು ಒಂದು ಬಾಟಲಿ ರಕ್ತ

ಐವತ್ತು ದಾಟಿದ ಗಂಡಸಿಗೆ ಎರಡರಲ್ಲೊಂದು ಹುಚ್ಚು ಹಿಡಿಯುತ್ತದೆ. ಒಂದು ದೇವರದು, ಇನ್ನೊಂದು ಮೋಟರ್ ಸೈಕಲ್ಲಿನದು. ದೇವರಿಗೆ ನಾನು ಬೇಡವಾದೆನೋ ಏನೋ, ನನಗೆ ಎರಡನೆಯದು ಹಿಡಿಯಿತು. ಧಾರವಾಡ ಬಿಟ್ಟು ಪುಣೆಗೆ ಬಂದು, ಶಿವಾಜಿನಗರದ ವಿಮಾ ಕಚೇರಿಯೊಂದರಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿದ ಮನುಷ್ಯ ನಾನು. ಅಂಥವನು ಒಂದು ದಿನ ಕರಿ ಬುಲೆಟ್ ತಂದು ಮನೆ ಮುಂದೆ ನಿಲ್ಲಿಸಿದಾಗ ನನ್ನ ಹೆಂಡತಿ ಸುಮಿತ್ರಾ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇದನ್ನ ಸ್ಟ್ಯಾಂಡಿಗೆ ಹಾಕಾಕ ಯಾರನ್ನ ಕರೀಬೇಕ್ರಿ?” ಎಂದಳು. ಅವಳ ಅನುಮಾನ ಸುಳ್ಳಲ್ಲ. ಈಗಲೂ ವಾಚ್‌ಮನ್ನನನ್ನೇ ಕರೆಯುತ್ತೇನೆ.

ಬುಲೆಟ್ ಕೊಂಡವನು ಒಂಟಿಯಾಗಿ ಓಡಿಸಬಾರದು ಎಂಬ ನಿಯಮವಿದೆಯೋ ಏನೋ, ನಾನೂ ಒಂದು ಸವಾರರ ಕೂಟ ಸೇರಿದೆ. ವರ್ಷಕ್ಕೊಮ್ಮೆ ನಮ್ಮದು ದೊಡ್ಡ ರೈಡ್. ಬೆಳಗ್ಗೆ ಜೇಜುರಿಗೆ ಹೋಗಿ, ಖಂಡೋಬನ ಗುಡಿಯ ಅರಿಶಿನ ಭಂಡಾರ ಹಣೆಗೆ ಬಳಿದುಕೊಂಡು ಬಂದು, ಮಧ್ಯಾಹ್ನ ಒಂದು ಹಾಲ್‌ನಲ್ಲಿ ಸಾಲಾಗಿ ಮಲಗಿ ರಕ್ತದಾನ ಮಾಡುವುದು. ಕೊಟ್ಟವರಿಗೆ ಕೇಸರಿ ಟೀ ಶರ್ಟು, ಪದಕ, ಫೋಟೋ. ಈ ಸಲ ವೇದಿಕೆಗೆ ರೇಣುಕಾ ಎಂಬ ಎಂಟು ವರ್ಷದ ಹುಡುಗಿಯನ್ನೂ ಕರೆಸಿದ್ದರು. ಥಲಸೇಮಿಯಾ ಅಂತೆ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗುವುದಿಲ್ಲ, ಮೂರು ವಾರಕ್ಕೊಮ್ಮೆ ಹೊರಗಿನಿಂದ ಏರಿಸಬೇಕು. ಅವಳ ತಾಯಿ ಶರಣಮ್ಮ ಯಾದಗಿರಿ ಕಡೆಯವಳು, ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಕನ್ನಡ ಬಲ್ಲವನೆಂದು ದುಭಾಷಿಯ ಕೆಲಸ ನನಗೆ ಬಂತು. ನಮ್ಮ ಅಧ್ಯಕ್ಷ ಜಾಧವ್ ಸಾಹೇಬರು ಮರಾಠಿಯಲ್ಲಿ ಹೇಳಿದ್ದು, ಇವಳು ನಮ್ಮ ಮಗಳಿದ್ದಂತೆ ಎಂದಷ್ಟೇ. ನಾನು ಚಪ್ಪಾಳೆಯ ಹುರುಪಿನಲ್ಲಿ, “ಯಾವಾಗ ಬೇಕಾದ್ರೂ ಒಂದು ಫೋನ್ ಮಾಡ್ರಿ, ನಾವೆಲ್ಲಾ ಓಡಿ ಬರ್ತೀವಿ” ಎಂದು ಸೇರಿಸಿ, ನನ್ನ ನಂಬರನ್ನೂ ಕೊಟ್ಟುಬಿಟ್ಟೆ.

ಎರಡು ತಿಂಗಳೂ ಆಗಿರಲಿಲ್ಲ, ಫೋನ್ ಬಂತು. “ಸಾಹೇಬ್ರ, ಕೂಸಿಗಿ ರಗತ ಸಿಗವಲ್ದುರಿ. ಬ್ಯಾಂಕಿನ್ಯಾಗ ಇಲ್ಲಂತ, ಕೊಡೋರನ್ನ ಕರ್ಕೊಂಡ ಬಾ ಅಂತಾರ್ರಿ. ಕೂಸು ಎದ್ದ ಕುಂದರವಲ್ದು.” ನನಗೆ ಗಾಬರಿಯೇನೂ ಆಗಲಿಲ್ಲ. ಒಂದು ದಂಡೇ ನನ್ನ ಬೆನ್ನಿಗಿದೆಯಲ್ಲ! ಕೂಟದ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು, ಕಣ್ಣೀರಿನ ಚಿತ್ರಗಳು ಬಂದವು, ಮನುಷ್ಯರು ಮಾತ್ರ ಬರಲಿಲ್ಲ. ಕೊನೆಗೆ ಜಾಧವರೇ ಫೋನ್ ಮಾಡಿ, “ಅಹೋ ಹಿರೇಮಠ್, ಒಮ್ಮೆ ಕೊಟ್ಟರೆ ಮೂರು ತಿಂಗಳು ಮತ್ತೆ ಕೊಡುವ ಹಾಗಿಲ್ಲ. ನಾವೆಲ್ಲ ಅವತ್ತೇ ಕೊಟ್ಟಿದ್ದೇವಲ್ಲ!” ಎಂದರು. ಹಾಗಾದರೆ ಅವತ್ತು ಕೊಟ್ಟದ್ದೆಲ್ಲ ಎಲ್ಲಿ ಹೋಯಿತು ಎಂದು ರಕ್ತದ ಬ್ಯಾಂಕಿನಲ್ಲಿ ವಿಚಾರಿಸಿದೆ. ರಕ್ತ ಹೆಚ್ಚೆಂದರೆ ಒಂದೂವರೆ ತಿಂಗಳು ಇರುತ್ತದಂತೆ. ಬೇಕಾದವರಿಗೆ ಹೋದದ್ದು ಹೋಯಿತು, ಉಳಿದದ್ದನ್ನು ಚೆಲ್ಲಿದರು.

ಸುಮಿತ್ರಾ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ರೀ, ಹಬ್ಬದ ದಿನ ಊರಿಗೆಲ್ಲಾ ಹೋಳಿಗಿ ಹಾಕಿ, ಮರುದಿನದಿಂದ ಒಲೀನ ಹಚ್ಚಬ್ಯಾಡ್ರಿ ಅಂದ್ಹಂಗಾತು ನಿಮ್ಮ ಧರ್ಮ. ನಡೀರಿ, ಆ ಕೂಸಿಂದೂ ನಂದೂ ಒಂದ ರಕ್ತದ ಗುಂಪು, ನಾ ಕೊಡ್ತೇನಿ” ಎಂದು ಚಪ್ಪಲಿ ಹಾಕಿಕೊಂಡಳು. ರೈಡಿನ ದಿನ ಹೆಂಗಸರಿಗೆಲ್ಲ ಉಪ್ಪಿಟ್ಟು ಬಡಿಸುವ ಕೆಲಸ ಹಚ್ಚಿದ್ದೆವಾದ್ದರಿಂದ ಅವರ ರಕ್ತ ಉಳಿದಿತ್ತು. ಸಂಜೆಯ ಹೊತ್ತಿಗೆ ರೇಣುಕಾಳ ತುಟಿಗೆ ಸ್ವಲ್ಪ ಬಣ್ಣ ಬಂತು, ಅವಳು ವಡಾ ಪಾವ್ ಬೇಕೆಂದು ಹಟ ಹಿಡಿದಳು. ಆದರೆ ಮೂರು ವಾರ ಬಿಟ್ಟರೆ ಮತ್ತೆ ಅದೇ ಗೋಳು.

ಮುಂದಿನ ವರ್ಷದ ಯೋಜನೆಗೆಂದು ಕೂಟದ ಸಭೆ ಸೇರಿತು. ಜಾಧವರು ಈ ಸಲದ ಎರಡರಷ್ಟು ಜನ, ಅದೂ ಒಂದೇ ದಿನ, ಮೇಲಿನಿಂದ ಡ್ರೋನ್ ಚಿತ್ರೀಕರಣ ಎಂದರು. ನಾನು ಎದ್ದು, ಎಲ್ಲರೂ ಒಂದೇ ದಿನ ಕೊಡುವ ಬದಲು ತಿಂಗಳಿಗೊಂದು ತಂಡ ಮಾಡೋಣ ಎಂದೆ. ಯಾರೋ ಒಬ್ಬರು, “ಹಾಗಾದರೆ ಟೀ ಶರ್ಟು?” ಎಂದು ಕೇಳಿದರು. ಕೊನೆಗೆ ನನ್ನ ಮಾತಿಗೆ ಒಪ್ಪಿಗೆಯೂ ಸಿಕ್ಕಿತು, ಡ್ರೋನೂ ಉಳಿಯಿತು. ಮೊದಲ ತಿಂಗಳು ಇಬ್ಬರು ಬಂದರು. ಅವರಲ್ಲೊಬ್ಬರು ಫೋಟೋದವನಿಲ್ಲದ್ದನ್ನು ಕಂಡು, ಪಾರ್ಕಿಂಗ್ ನೋಡಿಕೊಂಡು ಬರುತ್ತೇನೆಂದು ಹೋದವರು ಬರಲೇ ಇಲ್ಲ.

ಎರಡನೆಯ ತಿಂಗಳು ನನ್ನ ಸರದಿ. ನನಗೂ ಅಷ್ಟರಲ್ಲಿ ಮೂರು ತಿಂಗಳು ತುಂಬಿತ್ತು. ಎದೆ ಉಬ್ಬಿಸಿಕೊಂಡೇ ಹೋದೆ. ಅಲ್ಲಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಒಮ್ಮೆ ನೋಡಿದರು, ಬಿಚ್ಚಿ ಸುತ್ತಿ ಮತ್ತೊಮ್ಮೆ ನೋಡಿದರು. ನಿಮ್ಮ ಬಿ.ಪಿ. ವಿಪರೀತ ಏರಿದೆ, ಕೊಡುವುದು ಹಾಗಿರಲಿ, ಮೊದಲು ನೀವು ಮಾತ್ರೆ ಶುರುಮಾಡಿ ಎಂದು ಎಬ್ಬಿಸಿ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಶರಣಮ್ಮ ಕೂತಿದ್ದಳು. ತೊಡೆಯ ಮೇಲೆ ರೇಣುಕಾ ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದಳು. ನಾನು ಕೊಟ್ಟೇ ಬಂದೆನೆಂದು ತಿಳಿದು ಆ ತಾಯಿ ಮಗುವನ್ನು ಪಕ್ಕಕ್ಕೆ ಸರಿಸಿ, ನನ್ನ ಕಾಲಿಗೆ ಬಗ್ಗಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿಷಯ ಹೇಳಿದೆ. ಅವಳು ಮಗುವನ್ನು ಮತ್ತೆ ತೊಡೆಗೆ ಎಳೆದುಕೊಂಡು, “ಇರ್ಲಿ ಬಿಡ್ರಿ. ಗಾಡಿ ಅದ ಅಲ್ರಿ? ಇನ್ನೊಬ್ಬರನ್ನ ಕೂಡಿಸ್ಕೊಂಡ ಬರ್ರಿ. ನಾ ಇಲ್ಲೇ ಕುಂತಿರ್ತೀನಿ” ಎಂದಳು.

ಅಂದಿನಿಂದ ನನಗೆ ಇದೇ ಉದ್ಯೋಗ. ಅವತ್ತೇನೋ ಕಚೇರಿಯ ಜವಾನ ಸಿಕ್ಕ, ಆಮೇಲೊಮ್ಮೆ ಹಾಲಿನವನು ಸಿಕ್ಕ. ಈಗ ಬುಲೆಟ್ಟಿನ ಸದ್ದು ಕೇಳಿದರೆ ಸಾಕು, ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೊನ್ನೆ ಪಕ್ಕದ ಮನೆಗೆ ಹೆಣ್ಣು ನೋಡಲು ಬಂದ ವರನಿಗೆ, ಎಲ್ಲರೂ ಸಂಬಳ ಕೇಳುವಾಗ, ನಾನು ರಕ್ತದ ಗುಂಪು ಕೇಳಿ ಬೈಸಿಕೊಂಡೆ. ಕೆಂಪಗೆ ಗುಂಡಗೆ ಇರುವವರನ್ನು ಕಂಡರೆ ಇಷ್ಟು ಸಂತೋಷಪಡುವ ಪ್ರಾಣಿಗಳು ಲೋಕದಲ್ಲಿ ಎರಡೇ ಇರಬೇಕು, ತಿಗಣೆ ಮತ್ತು ನಾನು. ಗುರುವಾರ ರೇಣುಕಾಗೆ ಮತ್ತೆ ಏರಿಸಬೇಕು. ಶರಣಮ್ಮ ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದಳು. ಯಾರೂ ಸಿಕ್ಕಿಲ್ಲ ಎನ್ನಲಾರದೆ, ಒಬ್ಬರು ಇದ್ದಾರೆ, ಕರೆದುಕೊಂಡು ಬರುತ್ತೇನೆ ಎಂದುಬಿಟ್ಟಿದ್ದೇನೆ. ಇಲ್ಲಿಯವರೆಗೆ ನಗುತ್ತಾ ಓದಿದಿರಲ್ಲ, ನಿಮ್ಮ ಮನೆ ಎಲ್ಲಿ ಬರುತ್ತದೆ ಹೇಳಿ.